ಲಡಾಖ್‌ಗಿಂತ ಮೊದಲು ನಮ್ಮ ಘಟ್ಟ: ಚೋರ್ಲಾ ಇಳಿದು ಅರಬೈಲ್ ಏರೋ ಮೂರು ದಿನದ ಪ್ಲಾನ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತಿನ ವಿಷಯ ರೋಡ್ ಟ್ರಿಪ್. ಆದರ ರೀಲ್ಸ್‌ನಾಗ ಕಾಣೋ ರೋಡ್ ಟ್ರಿಪ್ ಅಲ್ಲ. ಅಲ್ಲಿ ಹದಿನೈದು ಸೆಕೆಂಡಿನ್ಯಾಗ ಮೋಡ ಬರ್ತಾವ, ತಿರುವು ಬರ್ತಾವ, ಹಿಂದ ಒಂದು ಹಾಡು ಬರ್ತೈತಿ, ಮುಗೀತು. ಆ ತಿರುವಿಗೆ ಹೋಗಿ ಮುಟ್ಟೋದು ಹೆಂಗ, ಎಷ್ಟು ಖರ್ಚು, ಯಾವ ತಿಂಗಳು ಹೋಗಬೇಕು, ಎಲ್ಲಿ ಗಾಡಿ ನಿಲ್ಲಿಸಬಾರದು, ಇದನ್ನ ಯಾರೂ ಹೇಳಲ್ಲ. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಹೊರಡೋರಿಗೆ ಅಂತ ಹೇಳೋರಂತೂ ಇಲ್ಲವೇ ಇಲ್ಲ. ಇವತ್ತು ಅದನ್ನೇ ಮಾಡೋಣ. ಕೊನೆಗೆ ಲಡಾಖ್ ಬಗ್ಗೆನೂ ಮಾತಾಡ್ತೀನಿ. ಆದರ ಮೊದಲು ಮನಿ ಹತ್ತಿರದ ಘಟ್ಟ.

ನಾವು ಈಗಾಗಲೇ ಮ್ಯಾಲಿದ್ದೀವಿ

ಮೊದಲು ಒಂದು ವಿಷಯ ತಲ್ಯಾಗ ಇಟ್ಕೋರಿ. ಪೂರ್ತಿ ಪ್ಲಾನ್ ಇದರ ಮ್ಯಾಲೆ ನಿಂತೈತಿ.

ಹಿಮಾಲಯದಾಗ ಕಣಿವೆ ದಾರಿ ಅಂದ್ರ ಒಂದು ಕಡೆ ಏರಿ, ನೆತ್ತಿ ಮುಟ್ಟಿ, ಇನ್ನೊಂದು ಕಡೆ ಇಳಿಯೋದು. ನಮ್ಮ ಸಹ್ಯಾದ್ರಿ ಹಂಗಲ್ಲ. ಅದು ಒಂದೇ ಕಡೆ ಮುರಿದ ಮೆಟ್ಟಿಲು ಇದ್ದಂಗ. ನಾವು ಇರೋದು ಆ ಮೆಟ್ಟಿಲಿನ ಮೇಲ್ಭಾಗದಾಗ, ದಖ್ಖನ್ ಪ್ರಸ್ಥಭೂಮಿ ಮ್ಯಾಲೆ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಾಗ ಐತಿ, ಹುಬ್ಬಳ್ಳಿ ಹೆಚ್ಚೂಕಡಿಮೆ ಅಷ್ಟೇ. ಬೆಳಗಾವಿ ಇನ್ನೂ ಒಂದಿಷ್ಟು ಮ್ಯಾಲೆ. ಎರೆ ಹೊಲ ಚಪ್ಪಟೆ ಕಾಣ್ತೈತಿ ಅಂತ ನಾವು ಕೆಳಗ ಇದ್ದೀವಿ ಅಂದ್ಕೋತೀವಿ, ಅಷ್ಟೇ.

ಇದರ ಅರ್ಥ ಏನು? ನಾವು ಘಟ್ಟಕ್ಕೆ ಹೋಗೋದು ಅಂದ್ರ ಏರೋದಲ್ಲ, ಇಳಿಯೋದು. ಮೈಸೂರು, ಬೆಂಗಳೂರಿನೋರಿಗೂ ಇದೇ ಕಥಿ. ಮಂಗಳೂರು, ಕಾರವಾರದೋರಿಗೆ ಉಲ್ಟಾ: ಅವರು ಮೊದಲು ಏರ್ತಾರ, ವಾಪಸ್ ಬರುವಾಗ ಇಳೀತಾರ. ನಮಗ ಹೋಗುವಾಗ ಬ್ರೇಕಿಗೆ ಪರೀಕ್ಷೆ, ಬರುವಾಗ ಎಂಜಿನ್‌ಗೆ ಮತ್ತು ದಣಿದ ಡ್ರೈವರ್‌ಗೆ ಪರೀಕ್ಷೆ. ಹೊಸಾ ಜಾಗ ನೋಡೋ ಉಮೇದಿನ್ಯಾಗ, ಗಾಡಿ ತುಂಬ ಜನ ಮತ್ತು ಬುತ್ತಿ ತುಂಬ್ಕೊಂಡು ನಾವು ಮೊದಲು ಮಾಡೋ ಕೆಲಸವೇ ಕಠಿಣ ಇಳಿಜಾರು. ಹಿಂಗಾಗಿ ಸರ್ವಿಸಿಂಗ್ ಮಾಡಿಸೋದಿದ್ರ ಟ್ರಿಪ್ ಆದ ಮ್ಯಾಲೆ ಅಲ್ಲ, ಮೊದಲು ಮಾಡಿಸ್ರಿ.

ದಾರಿ ಯಾವುದು

ಮ್ಯಾಪ್ ತೆಗೆದ್ರ ಮೂರೂ ಊರು ಹೆಚ್ಚೂಕಡಿಮೆ ಪೂರ್ವ-ಪಶ್ಚಿಮ ಒಂದೇ ಗೆರೆ ಮ್ಯಾಲೆ ಕಾಣ್ತಾವ. ಪೂರ್ವಕ್ಕೆ ಗಜೇಂದ್ರಗಡ, ನಡುವೆ ರೋಣ, ಪಶ್ಚಿಮಕ್ಕೆ ನರಗುಂದ. ಗಜೇಂದ್ರಗಡದಿಂದ ನರಗುಂದಕ್ಕೆ ಸುಮಾರು 70 ಕಿಲೋಮೀಟರ್. ಅದಕ್ಕೆ ಲೆಕ್ಕ ಎಲ್ಲಾ ನರಗುಂದದಿಂದ ಹಾಕ್ತೀನಿ. ಉಳಿದೋರು ತಮ್ಮೂರಿನ ದೂರ ಕೂಡಿಸ್ಕೋರಿ.

ನಾನು ಹೇಳೋ ದಾರಿ ಒಂದು ಸುತ್ತು. ಒಂದು ಘಟ್ಟ ಇಳಿದು ಇನ್ನೊಂದು ಘಟ್ಟ ಏರಿ ಬರೋದು. ಹೋದ ದಾರಿಯಲ್ಲೇ ವಾಪಸ್ ಬಂದ್ರ ನೋಡಿದ್ದನ್ನೇ ನೋಡ್ತೀರಿ.

ದಿನ ಒಂದು: ನರಗುಂದ, ಸವದತ್ತಿ, ಬೆಳಗಾವಿ, ಜಾಂಬೋಟಿ, ಕಣಕುಂಬಿ. ಅಲ್ಲಿಂದ ಚೋರ್ಲಾ ಘಾಟ್ ಇಳಿದು ಗೋವಾದ ಸಾಂಖಳಿ ಕಡೆ. ಒಟ್ಟು ಸುಮಾರು 220 ಕಿಲೋಮೀಟರ್.

ದಿನ ಎರಡು: ಗೋವಾದಿಂದ ಹೆದ್ದಾರಿ 66 ಹಿಡಿದು ಕಾಣಕೋಣ, ಕಾರವಾರ, ಅಂಕೋಲಾ. ಸುಮಾರು 160 ಕಿಲೋಮೀಟರ್. ಇದು ಸಮುದ್ರದ ದಿನ. ದಾರ್ಯಾಗ ಕರ್ಮಲ್ ಘಾಟ್ ಅಂತ ಸಣ್ಣ ಘಟ್ಟವೊಂದು ಬರ್ತೈತಿ, ಅದನ್ನ ಬಿಟ್ರ ಆರಾಮ.

ದಿನ ಮೂರು: ಅಂಕೋಲಾದಿಂದ ಅರಬೈಲ್ ಘಟ್ಟ ಏರಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ನವಲಗುಂದ, ನರಗುಂದ. ಸುಮಾರು 200 ಕಿಲೋಮೀಟರ್. ಈ ಮೂರನೇ ದಿನದ ದಾರಿ ಪೂರ್ತಿ ಒಂದೇ ಹೆದ್ದಾರಿ: ರಾಷ್ಟ್ರೀಯ ಹೆದ್ದಾರಿ 52. ನರಗುಂದದ ಮುಂದ ಹಾಯ್ದು ಹೋಗೋದು ಇದೇ ರಸ್ತೆ. ಇದರ ಒಂದು ತುದಿ ಅಂಕೋಲಾ ಹತ್ತಿರ, ಇನ್ನೊಂದು ತುದಿ ಪಂಜಾಬಿನ ಸಂಗ್ರೂರಿನಾಗ.

ಒಟ್ಟು 580ರಿಂದ 600 ಕಿಲೋಮೀಟರ್. ರೋಣದೋರಿಗೆ ಸುಮಾರು 680, ಗಜೇಂದ್ರಗಡದೋರಿಗೆ ಸುಮಾರು 740. ಇಷ್ಟನ್ನ ಎರಡು ದಿನದಾಗ ಮುಗಿಸೋಣ ಅನ್ನೋ ಗೆಳೆಯ ಪ್ರತಿ ಗುಂಪಿನ್ಯಾಗೂ ಒಬ್ಬ ಇರ್ತಾನ. ಅವನ ಮಾತು ಕೇಳಬ್ಯಾಡ್ರಿ. ಘಟ್ಟದಾಗ ಸರಾಸರಿ ವೇಗ ಗಂಟೆಗೆ 30 ಕಿಲೋಮೀಟರ್ ಅಂತ ಹಿಡೀರಿ, ಬಯಲಿನಾಗ 50. ಫೋನ್ ಮ್ಯಾಪ್ ತೋರಿಸೋ ಸಮಯಕ್ಕೆ ಮೂರನೇ ಒಂದು ಭಾಗ ಕೂಡಿಸ್ರಿ. ಅಂದ್ರ ಆರು ಗಂಟೆ ತೋರಿಸಿದ್ರ ಎಂಟು ಗಂಟೆ.

ಈ ಥರ ಪ್ಲಾನಿಂಗ್ ನಮ್ಮ ಕಡೆ ಹೊಸತೇನಲ್ಲ. ಭಾರತ ಹುಣ್ಣಿಮೆ ಹೊತ್ತಿಗೆ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗೋರನ್ನ ನೀವೂ ನೋಡೀರಿ. ಎತ್ತಿನ ದಮ್ಮು ನೋಡಿ ದಿನದ ದೂರ, ನೀರು ನೋಡಿ ವಸ್ತಿ, ಮೇವು-ಬುತ್ತಿ ಮೊದಲೇ ಕಟ್ಟಿಕೊಂಡ ಲೆಕ್ಕ. ನಮ್ಮ ಗಾಡಿಗೆ ದಮ್ಮು ಹತ್ತಲ್ಲ, ಖರೆ. ಓಡಿಸೋನಿಗೆ ಹತ್ತುತ್ತೆ. ಎರಡು ಗಂಟೆಗೊಮ್ಮೆ ಇಳಿದು ಕಾಲು ಚಾಚ್ರಿ. ಇಬ್ಬರು ಲೈಸೆನ್ಸ್ ಇರೋ ಡ್ರೈವರ್ ಇದ್ರ ಭಾಳ ಚಲೋ.

ಕಣಕುಂಬಿಯಲ್ಲಿ ಯಾಕ ನಿಲ್ಲಬೇಕು

ಚೋರ್ಲಾ ಆರಿಸಿದ್ದಕ್ಕೆ ನೋಟ ಒಂದೇ ಕಾರಣ ಅಲ್ಲ. ಇಳಿಜಾರು ಶುರುವಾಗೋ ಮೊದಲು ಸುಮಾರು 800 ಮೀಟರ್ ಎತ್ತರದಾಗ ಕಣಕುಂಬಿ ಅಂತ ಊರು ಬರ್ತೈತಿ, ಖಾನಾಪುರ ತಾಲೂಕು. ಮಲಪ್ರಭಾ ಹುಟ್ಟೋದು ಅಲ್ಲೇ. ಮಾವುಲಿ ದೇವಿಯ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಒಂದರ್ಧ ತಾಸು ಕೂಡ್ರಿ.

ಅಲ್ಲಿ ಸಣ್ಣ ಹಳ್ಳದಂಗ ಶುರುವಾಗೋ ನೀರು ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿಗೆ ಬಂದು, ಕಾಲುವೆ ಹಿಡಿದು ನರಗುಂದ, ರೋಣದ ಹೊಲಕ್ಕೆ ಬರ್ತೈತಿ. ಉಳಿದ ನದಿ ಕೂಡಲಸಂಗಮದಾಗ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ. ಇನ್ನು ಕಣಕುಂಬಿಯಿಂದ ಸ್ವಲ್ಪೇ ಪಶ್ಚಿಮಕ್ಕೆ ಬಿದ್ದ ಮಳಿ ಮಹದಾಯಿ ಸೇರಿ ಗೋವಾ ದಾಟಿ ಅರಬ್ಬಿ ಸಮುದ್ರಕ್ಕೆ. ನೀರಿನ ಗಡಿ ಅಂದ್ರ ಇದು. ಒಂದೇ ಮೋಡ, ಒಂದೇ ಗುಡ್ಡ. ಹನಿ ಯಾವ ಬದಿಗೆ ಬಿತ್ತು ಅನ್ನೋದರ ಮ್ಯಾಲೆ ಅದು ಯಾರ ನೀರು ಅನ್ನೋದು ಠರಾವ್ ಆಗುತ್ತೆ.

ಕಳಸಾ-ಬಂಡೂರಿ ಅಂತ ನಾವು ಸಣ್ಣೋರಿದ್ದಾಗಿನಿಂದ ಕೇಳ್ತಾ ಬಂದಿರೋದು ಇದೇ ಜಾಗದ ಹಳ್ಳಗಳ ಹೆಸರು. ಅದರ ನೀರನ್ನ ಮಲಪ್ರಭೆಗೆ ತಿರುಗಿಸಬೇಕು ಅಂತ 2015ರ ಜುಲೈನಲ್ಲಿ ನರಗುಂದದಾಗ ರೈತರು ಧರಣಿ ಕುಂತ್ರು, ವರ್ಷಗಟ್ಟಲೆ ಕುಂತ್ರು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ಅದರಾಗ ಮಲಪ್ರಭೆಗೆ ತಿರುಗಿಸೋಕೆ 3.9: ಕಳಸಾ 1.72, ಬಂಡೂರಿ 2.18. ಈ ಸಂಖ್ಯೆಗಳನ್ನ ಪೇಪರಿನ್ಯಾಗ ಓದೋದು ಬ್ಯಾರೆ. ಆ ದಟ್ಟ ಕಾಡು, ಆ ಕಡೆ ಗೋವಾದ ಕಣಿವೆ, ಈ ಕಡೆ ನಮ್ಮ ಕಾಲುವೆಯ ಮೊದಲ ಹನಿ, ಇವನ್ನ ಒಂದೇ ಕಡೆ ನಿಂತು ನೋಡಿದ್ರ ಎರಡೂ ಕಡೆಯೋರು ಯಾಕ ಇಷ್ಟು ಗಟ್ಟಿಯಾಗಿ ಹಿಡ್ಕೊಂಡು ಕುಂತಾರ ಅನ್ನೋದು ತಿಳೀತೈತಿ.

ಯಾವ ತಿಂಗಳು

ನಮ್ಮ ಕಡೆ ವರ್ಷಕ್ಕೆ ಮಳೆ 600 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರ್ ದಾಟುತ್ತೆ. ಕಣಕುಂಬಿಯಲ್ಲೂ ನಮ್ಮ ಹಲವು ಪಟ್ಟು. ಕಾರಣ ಸರಳ: ಸಮುದ್ರದಿಂದ ಬರೋ ತೇವದ ಗಾಳಿ ಘಟ್ಟದ ಗೋಡೆಗೆ ಬಡಿದು ಮ್ಯಾಲೆ ಏರುತ್ತೆ, ತಣ್ಣಗಾಗುತ್ತೆ, ಮಳೆ ಸುರಿಸುತ್ತೆ. ಗೋಡೆ ದಾಟಿ ನಮ್ಮತ್ರ ಬರೋ ಹೊತ್ತಿಗೆ ಒಣ ಗಾಳಿ. ಆ ಒಣ ಗಾಳಿಗೆ ಗಜೇಂದ್ರಗಡದ ಗುಡ್ಡದ ಮ್ಯಾಲೆ ಗಾಳಿಯಂತ್ರ ತಿರುಗ್ತಾವ. ಮಳಿ ಅಲ್ಲೇ ಉಳಿದಿರ್ತೈತಿ.

ಜಲಪಾತದ ರೀಲ್ಸ್ ಎಲ್ಲಾ ಜುಲೈ-ಆಗಸ್ಟ್‌ನವು. ರಸ್ತೆ ಕುಸಿಯೋ ಸುದ್ದಿಯೂ ಅದೇ ತಿಂಗಳಿನದು. ಮೊದಲ ಸಲ ಘಟ್ಟ ಓಡಿಸೋರಿಗೆ ಜೂನ್‌ನಿಂದ ಸೆಪ್ಟೆಂಬರ್ ಬ್ಯಾಡವೇ ಬ್ಯಾಡ. ನವೆಂಬರ್-ಡಿಸೆಂಬರ್ ಚಲೋ. ಮಳೆ ನಿಂತಿರುತ್ತೆ, ಹಸಿರು ಇನ್ನೂ ಇರುತ್ತೆ, ಹಳ್ಳದಾಗ ನೀರು ಇರುತ್ತೆ. ನಮ್ಮ ಹೊಲದ ಕ್ಯಾಲೆಂಡರ್‌ಗೂ ಹೊಂದುತ್ತೆ: ಹಿಂಗಾರಿ ಜೋಳ, ಕಡಲೆ ಬಿತ್ತನೆ ಮುಗಿದಿರುತ್ತೆ, ಸುಗ್ಗಿ ಇನ್ನೂ ದೂರ. ಮನ್ಯಾಗ ಅಪ್ಪನ್ನ ಕೇಳಿದ್ರ ಹೂಂ ಅನ್ನೋ ಸಂಭವ ಹೆಚ್ಚಿರೋ ತಿಂಗಳೂ ಅವೇ. ಕ್ರಿಸ್ಮಸ್‌ನಿಂದ ಹೊಸ ವರ್ಷದ ತನಕ ಮಾತ್ರ ಬಿಡ್ರಿ. ಗೋವಾ ಗಿಜಿಗಿಜಿ, ರೂಮ್ ರೇಟ್ ಮುಟ್ಟಂಗಿರಲ್ಲ.

ಶಿರೂರು ನೆನಪಿರಲಿ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಾಗ ಹೆದ್ದಾರಿ 66ರ ಮ್ಯಾಲೆ ಗುಡ್ಡ ಕುಸೀತು. ರಸ್ತೆ ಒಂದು ಕಡೆ, ಅದರ ಪಕ್ಕಕ್ಕೇ ಗಂಗಾವಳಿ ನದಿ. ರಸ್ತೆ ಬದಿಯ ಚಹಾದ ಅಂಗಡಿ, ಅದನ್ನ ನಡೆಸ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿಯವರು, ಎಲ್ಲಾ ಮಣ್ಣಿನ ಜೊತೆ ನದಿಗೆ ಹೋದ್ರು. ಕೇರಳದ ಒಬ್ಬ ಚಾಲಕನ ಲಾರಿ ನದಿಯಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳು ಮೀರಿದ ಮ್ಯಾಲೆ.

ನಮ್ಮ ಎರಡನೇ ದಿನದ ದಾರಿ ಅದೇ ಹೆದ್ದಾರಿ ಮ್ಯಾಲೆ ಅಂಕೋಲಾದ ತನಕ ಬರ್ತೈತಿ. ಕುಮಟಾ ಕಡೆ ಮುಂದುವರಿದ್ರ ಶಿರೂರು ಸಿಗ್ತೈತಿ. ಹೆದರ್ಸೋಕೆ ಹೇಳ್ತಿಲ್ಲ. ಅಲ್ಲಿ ಸತ್ತ ಹಲವರು ಗಾಡಿ ಓಡಿಸ್ತಿರಲಿಲ್ಲ ಅನ್ನೋದನ್ನ ಗಮನಿಸ್ರಿ. ಅವರು ನಿಂತಿದ್ರು, ಚಹಾ ಕುಡೀತಿದ್ರು, ಇಲ್ಲಾ ಅಲ್ಲೇ ಬದುಕ್ತಿದ್ರು. ರೋಡ್ ಟ್ರಿಪ್ ಅಂದ್ರ ನಾವು ವೇಗದ ಬಗ್ಗೆ ಅಷ್ಟೇ ಯೋಚಿಸ್ತೀವಿ. ಎಲ್ಲಿ ನಿಲ್ಲಬೇಕು ಅನ್ನೋದೂ ಅಷ್ಟೇ ದೊಡ್ಡ ಪ್ರಶ್ನೆ.

ರಸ್ತೆ ಅಗಲ ಮಾಡೋಕೆ ಗುಡ್ಡವನ್ನ ನೆಟ್ಟಗೆ ಕಡಿದಿರ್ತಾರ. ಮ್ಯಾಲಿನ ಮಣ್ಣಿಗೆ ಕೆಳಗಿನ ಆಸರೆ ಹೋಗಿರುತ್ತೆ. ನಾಲ್ಕು ದಿನ ಬಿಡದೆ ಮಳಿ ಬಂದ್ರ ಮಣ್ಣು ನೀರು ಕುಡಿದು ಭಾರ ಆಗುತ್ತೆ, ಹಿಡಿತ ಸಡಿಲ ಆಗುತ್ತೆ. ಅದಕ್ಕೆ ಈ ಐದು ಮಾತು:

ಒಂದು, ಹಸಿ ಮಣ್ಣು ಕಾಣೋ ಕಡಿದ ಗುಡ್ಡದ ಬುಡದಾಗ ಗಾಡಿ ನಿಲ್ಲಿಸಬ್ಯಾಡ್ರಿ, ಮಳಿ ಇದ್ರ ಅಂತೂ ಒಂದು ನಿಮಿಷನೂ ಬ್ಯಾಡ.

ಎರಡು, ರಸ್ತೆ ಮ್ಯಾಲೆ ಹೊಸ ಕಲ್ಲು ಉರುಳಿದ್ರ, ಇಳಿದು ಬರೋ ನೀರು ಒಮ್ಮೆಲೆ ಕೆಂಪು ರಾಡಿ ಆದ್ರ, ಮರ ವಾಲಿದ್ರ ಮುಂದ ಹೋಗಬ್ಯಾಡ್ರಿ. ಬಯಲು ಜಾಗಕ್ಕೆ ವಾಪಸ್ ಬರ್ರಿ.

ಮೂರು, ಹೊರಡೋ ಹಿಂದಿನ ರಾತ್ರಿ ಮತ್ತು ಅವತ್ತು ಬೆಳಿಗ್ಗೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡ್ರಿ. ಉತ್ತರ ಕನ್ನಡ ಇಲ್ಲಾ ಬೆಳಗಾವಿಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ರ ಟ್ರಿಪ್ ಮುಂದಕ್ಕೆ ಹಾಕ್ರಿ.

ನಾಲ್ಕು, ಘಟ್ಟ ಬಂದ್ ಮಾಡೋದು, ಭಾರಿ ವಾಹನ ನಿಲ್ಲಿಸೋದು ಜಿಲ್ಲಾಡಳಿತದ ಆದೇಶದಿಂದ. ಫೋನ್ ಮ್ಯಾಪ್‌ಗೆ ಅದು ತಡವಾಗಿ ಗೊತ್ತಾಗಬಹುದು. ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದಾಗ ಮಳೆ ಇಲ್ಲದಾಗಲೂ ರಸ್ತೆ ಕಾಮಗಾರಿಗೆ ಅಂತ ಸಂಚಾರ ತಡೆದದ್ದುಂಟು. ಜಿಲ್ಲೆಯ ಸುದ್ದಿ ನೋಡಿ ಖಾತ್ರಿ ಮಾಡ್ಕೋರಿ.

ಐದು, ಘಟ್ಟದಾಗ ನೆಟ್‌ವರ್ಕ್ ಹೋಗುತ್ತೆ. ಮ್ಯಾಪ್ ಆಫ್‌ಲೈನ್ ಇಳಿಸ್ಕೋರಿ. ಮನ್ಯಾಗ ಒಬ್ಬರಿಗೆ ದಾರಿ ಮತ್ತು ಮುಟ್ಟೋ ಹೊತ್ತು ಬರೆದು ಕಳಿಸ್ರಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿ ಸಹಾಯಕ್ಕೆ 1033.

ಎರಡು ಕೊಡ ಕುದಿಯೋ ನೀರು

ಈಗ ಬ್ರೇಕಿನ ವಿಷಯ. ಕಾಮರ್ಸ್ ಓದಿದೋನು ಫಿಸಿಕ್ಸ್ ಹೇಳ್ತಾನ ಅಂತ ನಗಬ್ಯಾಡ್ರಿ. ಇದೂ ಜಮಾ-ಖರ್ಚಿನ ಲೆಕ್ಕವೇ.

ಚೋರ್ಲಾದಾಗ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನೊಳಗ ಸುಮಾರು 700 ಮೀಟರ್ ಕೆಳಗ ಇಳೀತೀರಿ. ಜನ, ಸಾಮಾನು ಸೇರಿ ಕಾರಿನ ತೂಕ 1,500 ಕಿಲೋ ಅಂತ ಹಿಡೀರಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆ ಆಗೋ ಶಕ್ತಿ ಎಲ್ಲಿಗಾದ್ರೂ ಹೋಗಬೇಕಲ್ಲ? ಅದೆಲ್ಲಾ ಶಾಖ ಆದ್ರ 30 ಲೀಟರ್, ಅಂದ್ರ ಎರಡು ಕೊಡ ತಣ್ಣೀರನ್ನ ಕುದಿಯೋ ಹದಕ್ಕೆ ತರೋವಷ್ಟು. ಇಳಿಜಾರಿನುದ್ದಕ್ಕೂ ಬ್ರೇಕ್ ಮ್ಯಾಲೆ ಕಾಲಿಟ್ಟು ಕುಂತ್ರ ಆ ಶಾಖದ ದೊಡ್ಡ ಪಾಲು ನಾಲ್ಕು ಸಣ್ಣ ಬ್ರೇಕಿಗೆ ಹೋಗುತ್ತೆ. ಪ್ಯಾಡ್ ಕಾದು ಹಿಡಿತ ಕಳ್ಕೊಳ್ಳುತ್ತೆ. ಹಳೇ ಬ್ರೇಕ್ ಆಯಿಲ್ ಇದ್ರ ಅದರಾಗಿನ ತೇವ ಆವಿ ಆಗಿ, ಪೆಡಲ್ ಮೆತ್ತಗ ಒಳಗ ಹೋಗುತ್ತೆ, ಗಾಡಿ ನಿಲ್ಲಲ್ಲ.

ಉಪಾಯ ಹಳೇದು: ಗೇರ್. ಏರೋಕೆ ಯಾವ ಗೇರ್ ಬೇಕಾಗ್ತಿತ್ತೋ ಇಳಿಯೋಕೂ ಅದೇ ಗೇರ್, ಎರಡನೇದು ಇಲ್ಲಾ ಮೂರನೇದು. ಎಂಜಿನ್ ತಾನೇ ಗಾಡಿಯನ್ನ ಹಿಡಿಯುತ್ತೆ. ಬ್ರೇಕ್ ಒತ್ತಿ ಬಿಡ್ರಿ, ಒತ್ತಿ ಬಿಡ್ರಿ, ಒತ್ತಿಕೊಂಡೇ ಇರಬ್ಯಾಡ್ರಿ. ಆಟೊಮ್ಯಾಟಿಕ್ ಗಾಡಿ ಇದ್ರ ಮ್ಯಾನುವಲ್ ಮೋಡ್ ಇಲ್ಲಾ ಲೋ ಗೇರ್ ಹೆಂಗ ಹಾಕೋದು ಅಂತ ಬಯಲಿನಾಗೇ ಕಲೀರಿ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಾಗ ಬಿಡೋದು ಪ್ರಾಣಕ್ಕೆ ಸಂಚಕಾರ, ಮ್ಯಾಲೆ ಉಳಿತಾಯವೂ ಇಲ್ಲ. ಈಗಿನ ಗಾಡಿಗಳು ಗೇರಿನ್ಯಾಗ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟಿದ್ರ ಇಂಧನ ಕೊಡೋದನ್ನೇ ನಿಲ್ಲಿಸ್ತಾವ.

ಸುಟ್ಟ ವಾಸನೆ ಬಂದ್ರ ಅಗಲ ಜಾಗ ನೋಡಿ ಅರ್ಧ ತಾಸು ನಿಲ್ರಿ. ಕಾದ ಡಿಸ್ಕ್ ಮ್ಯಾಲೆ ನೀರು ಹಾಕಬ್ಯಾಡ್ರಿ, ಸೀಳ್ತೈತಿ.

ಬೈಕಿನೋರು ಎರಡೂ ಬ್ರೇಕ್ ಸಮನಾಗಿ ಬಳಸ್ರಿ. ತಿರುವಿನ ಮೊದಲೇ ವೇಗ ಇಳಿಸ್ರಿ, ತಿರುವಿನ ಒಳಗ ಬ್ರೇಕ್ ಹೊಡೀಬ್ಯಾಡ್ರಿ. ಪಾಚಿ ಮತ್ತು ರಸ್ತೆಯ ಬಿಳಿ ಬಣ್ಣದ ಪಟ್ಟಿ ಒದ್ದಿ ಇದ್ದಾಗ ಸಾಬೂನು ಇದ್ದಂಗ. ಇಕ್ಕಟ್ಟಾದ ಜಾಗದಾಗ ಏರಿ ಬರೋ ಗಾಡಿಗೆ ದಾರಿ ಬಿಡೋದು ಇಳಿಯೋರ ಕೆಲಸ. ಇದು ಬರೇ ಸೌಜನ್ಯ ಅಲ್ಲ, ಸಂಚಾರ ನಿಯಮ. ಮಂಜು ಇದ್ರ ಲೋ ಬೀಮ್ ಹಾಕ್ರಿ. ಹೈ ಬೀಮ್ ಹಾಕಿದ್ರ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತೆ.

ಅರಬೈಲ್ ಕೆಲಸದ ರಸ್ತೆ

ಮೂರನೇ ದಿನ ಅರಬೈಲ್. ಇಲ್ಲಿ ನೋಟಕ್ಕಿಂತ ಲಾರಿ ಜಾಸ್ತಿ ಕಾಣ್ತಾವ. ಬೇಜಾರ ಮಾಡ್ಕೋಬ್ಯಾಡ್ರಿ. ಈ ಕಡೆಯ ಘಟ್ಟದ ದಾರಿಗಳು ಬೆಳೆದದ್ದೇ ವ್ಯಾಪಾರಕ್ಕೆ, ಅದೂ ನಮ್ಮದೇ ಮಾಲಿಗೆ. 19ನೇ ಶತಮಾನದಾಗ ಧಾರವಾಡ ಭಾಗದ ಹತ್ತಿ ಎತ್ತಿನ ಮ್ಯಾಲೆ, ಚಕ್ಕಡಿ ಮ್ಯಾಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗ್ತಿತ್ತು. ಅಲ್ಲಿಂದ ಹಡಗಿನ್ಯಾಗ ಬೊಂಬಾಯಿಗೆ. ಬೆಳೆದದ್ದು ನಮ್ಮ ಎರೆ ಹೊಲದಾಗ, ಆದರ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಬಿದ್ದ ಹೆಸರು ‘ಕುಮ್ಟಾ’. 1861ರಿಂದ 65ರ ತನಕ ಅಮೆರಿಕದಾಗ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಾಗ ಭಾರತದ ಹತ್ತಿಗೆ ಬೆಲೆ ಏರಿತ್ತು. ಅಂದ್ರ ಎಲ್ಲೋ ಆದ ಯುದ್ಧದ ಲೆಕ್ಕ ಈ ಘಟ್ಟದ ತಿರುವಿನ ತನಕ ಬಂದಿತ್ತು.

ಇವತ್ತಿಗೂ ಬಯಲಸೀಮೆಯ ಕಾಯಿಪಲ್ಲೆ ಕರಾವಳಿಯ ಸಂತೆಗೆ ಘಟ್ಟ ಇಳಿದೇ ಹೋಗುತ್ತೆ. 2025ರ ಜನವರಿ 22ರ ನಸುಕಿನ್ಯಾಗ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಇದೇ ಹೆದ್ದಾರಿಯಿಂದ ಕಣಿವೆಗೆ ಬಿತ್ತು. 10 ಜನ ವ್ಯಾಪಾರಸ್ಥರು ಹೋದ್ರು. ಎದುರಿನ ಗಾಡಿಗೆ ದಾರಿ ಬಿಡೋಕೆ ಹೋಗಿ ಲಾರಿ ಅಂಚಿಗೆ ಸರಿದಿತ್ತು. ಮಾಲಿನ ಜೊತಿಗೇ ಕುಂತು ಹೋಗೋದು ನಮ್ಮ ಕಡೆ ಎಷ್ಟು ಸಾಮಾನ್ಯ ಅಂತ ನಿಮಗೂ ಗೊತ್ತು. ಗಜೇಂದ್ರಗಡದ ಸಂತಿಗೆ, ರೋಣದ ಸಂತಿಗೆ ಹಂಗ ಹೋಗೋ ಗಾಡಿ ಎಷ್ಟು ಅದಾವ.

ಪ್ಲಾನ್ ಮಾಡೋರಿಗೆ ಇದರಿಂದ ಎರಡು ಪಾಠ. ಘಟ್ಟವನ್ನ ಬೆಳಕಿನ್ಯಾಗೇ ದಾಟ್ರಿ, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗ. ನಸುಕಿನ ಎರಡರಿಂದ ಐದರ ತನಕ ನಿದ್ದೆ ಎಲ್ಲಾರ ಕಣ್ಣಿಗೂ ಹತ್ತುತ್ತೆ, ಎದುರಿನ ಡ್ರೈವರ್‌ಗೂ. ‘ರಾತ್ರಿ ಹೊಂಟ್ರ ಟ್ರಾಫಿಕ್ ಇರಲ್ಲ’ ಅನ್ನೋ ಮಾತು ಬಯಲಿಗೆ ಸರಿ ಇರಬಹುದು, ಘಟ್ಟಕ್ಕಲ್ಲ. ಎರಡನೇದು, ಲಾರಿಗೆ ಹಾರ್ನ್ ಹೊಡೆದು ಅವಸರ ಮಾಡಬ್ಯಾಡ್ರಿ. ಅವನ ಹಿಂದ 20 ಟನ್ ಐತಿ. ತಿರುವಿನ್ಯಾಗ ಅವನಿಗೆ ಪೂರ್ತಿ ರಸ್ತೆ ಬೇಕು. ನೇರ ದಾರಿ ಕಾಣೋ ತನಕ ಹಿಂದ ಇರ್ರಿ. ಹೆಚ್ಚಂದ್ರ ಇಪ್ಪತ್ತು ನಿಮಿಷ ಹೋಗುತ್ತೆ.

ಹೊತ್ತು ಉಳಿದ್ರ ಯಲ್ಲಾಪುರದ ಹತ್ತಿರ ಮಾಗೋಡು ಜಲಪಾತ ನೋಡ್ರಿ. ಅಲ್ಲಿ ಧುಮುಕೋದು ಬೇಡ್ತಿ ನದಿ. ಅದು ಬರೋದು ಧಾರವಾಡ-ಹುಬ್ಬಳ್ಳಿ ಕಡೆಯಿಂದ. ಕೆಳಗ ಹೋದ ಮ್ಯಾಲೆ ಅದರ ಹೆಸರೇ ಗಂಗಾವಳಿ. ಶಿರೂರಿನ ಪಕ್ಕ ಹರಿಯೋದು ಇದೇ ನೀರು. ಚೋರ್ಲಾದಾಗ ನೀರಿನ ಗಡಿ ಘಟ್ಟದ ಅಂಚಿಗೇ ಇತ್ತು. ಇಲ್ಲಿ ಅದು ಧಾರವಾಡದ ತನಕ ಒಳಗ ಬಂದಿದೆ.

ಲೆಕ್ಕ

ಈಗ ನನ್ನ ಸಬ್ಜೆಕ್ಟ್. ನಾಲ್ಕು ಜನ, ಒಂದು ಪೆಟ್ರೋಲ್ ಕಾರು, 650 ಕಿಲೋಮೀಟರ್. ಕಂಪನಿ ಹೇಳೋ ಮೈಲೇಜ್ ಮರೀರಿ, ಲೀಟರಿಗೆ 13 ಹಿಡೀರಿ. 50 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದ್ರ 5,000. ಎರಡು ರಾತ್ರಿ, ಎರಡು ರೂಮ್, ಒಂದಕ್ಕೆ 1,500 ಅಂತ ಹಿಡಿದ್ರ 6,000. ಊಟ-ಚಹಾ ತಲೆಗೆ ದಿನಕ್ಕೆ 500, ಮೂರು ದಿನಕ್ಕೆ 6,000. ಒಟ್ಟು 17,000. ಇವು ಉದಾಹರಣೆಯ ದರ; ನಿಮ್ಮ ದರ ಹಾಕಿ ಕೂಡಿಸ್ರಿ.

ಇಲ್ಲಿಗೆ ನಿಲ್ಲಿಸಬ್ಯಾಡ್ರಿ. ಇದರ ಮ್ಯಾಲೆ 20 ಪರ್ಸೆಂಟ್, ಅಂದ್ರ 3,400 ತೆಗೆದಿಡ್ರಿ. ತಲೆಗೆ 5,100 ಆಯ್ತು. ಈ 3,400 ಯಾಕ ಅಂದ್ರ ರಸ್ತೆ ಬಂದ್ ಆದ್ರ ಇನ್ನೊಂದು ರಾತ್ರಿ ಉಳಿಯೋಕೆ. ಕಿಸೆಯಲ್ಲಿ ದುಡ್ಡು ಇಲ್ಲದೋನು ‘ಹೆಂಗಾರ ದಾಟೇಬಿಡೋಣ’ ಅಂತಾನ. ಇದ್ದೋನು ರೂಮ್ ಹಿಡಿದು ಮಲಗ್ತಾನ. ಶೇಂಗಾ ಚಟ್ನಿ, ಕಟಕ್ ರೊಟ್ಟಿ ಕಟ್ಟಿಕೊಂಡು ಹೋದ್ರ ಊಟದಾಗೂ ಸಾವಿರ ಉಳೀತೈತಿ.

ಇನ್ನೊಂದು ಮಾತು, ಇದನ್ನ ಎರಡು ಸಲ ಕೇಳ್ರಿ. ನಮ್ಮ ಕಡೆ ಟ್ರಿಪ್ ಅಂದ್ರ ಪರಿಚಯದೋರ ಬಿಳಿ ಬೋರ್ಡ್ ಗಾಡಿಯನ್ನ ದಿನಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ಒಯ್ಯೋದು ರೂಢಿ. ಬಿಳಿ ಬೋರ್ಡ್ ಗಾಡಿಯ ಇನ್ಶೂರೆನ್ಸ್ ಸ್ವಂತ ಬಳಕೆಗೆ ಮಾತ್ರ. ಬಾಡಿಗೆಗೆ ಓಡಿಸಿದ್ದು ಪಾಲಿಸಿಯ ಷರತ್ತು ಮುರಿದಂಗ. ಅಪಘಾತ ಆದ್ರ ಕ್ಲೇಮ್ ತಿರಸ್ಕಾರ ಆಗಬಹುದು, ಹೊಣೆ ಗಾಡಿ ಮಾಲೀಕನ ತಲೆ ಮ್ಯಾಲೆ ಬರಬಹುದು. ದಿನಕ್ಕೆ ಒಂದು ಸಾವಿರ ಉಳಿಸೋಕೆ ಹೋಗಿ ಒಂದು ಮನೆತನದ ಹೊಲ ಅಡ ಇಡೋ ಪರಿಸ್ಥಿತಿ ತರಬ್ಯಾಡ್ರಿ. ಹಳದಿ ಬೋರ್ಡ್ ಗಾಡಿ ಹಿಡೀರಿ, ಗೋವಾಕ್ಕೆ ಪರ್ಮಿಟ್ ಐತಿಲ್ಲೋ ಕೇಳ್ರಿ. ಸ್ವಂತ ಗಾಡಿ ಆದ್ರ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಮೂರೂ ಚಾಲ್ತಿಯಲ್ಲಿರಲಿ. ಡಿಜಿಲಾಕರ್ ನಡೆಯುತ್ತೆ, ಆದರ ನೆಟ್‌ವರ್ಕ್ ಇರಲ್ಲ ಅಂದೆನಲ್ಲ, ಒಂದು ಜೆರಾಕ್ಸ್ ಇಡ್ರಿ.

ಇನ್ನು ಲಡಾಖ್

ಘಟ್ಟದಾಗ ನಿಮ್ಮ ಗಾಡಿಗೆ ಪರೀಕ್ಷೆ. ಅಲ್ಲಿ ನಿಮ್ಮ ರಕ್ತಕ್ಕೆ ಪರೀಕ್ಷೆ.

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಊರೇ 3,500 ಮೀಟರ್. ಮನಾಲಿಯಿಂದ ಲೇಹ್‌ಗೆ ಹೋಗೋ ದಾರ್ಯಾಗ ಬಾರಾಲಾಚಾ ಲಾ ಸುಮಾರು 4,900, ತಂಗ್ಲಾಂಗ್ ಲಾ ಸುಮಾರು 5,300 ಮೀಟರ್. ‘ಲಾ’ ಅಂದ್ರ ಅಲ್ಲಿನ ಭಾಷೆಯಲ್ಲಿ ಕಣಿವೆ ದಾರಿ. 5,000 ಮೀಟರ್ ಮ್ಯಾಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪೇ ಹೆಚ್ಚು. ಒಂದು ಉಸಿರಿಗೆ ಸಿಗೋ ಆಮ್ಲಜನಕವೂ ಅಷ್ಟೇ.

ದೇಹ ಇದಕ್ಕೆ ಹೊಂದ್ಕೊಳ್ಳೋಕೆ ದಿನಗಳು ಬೇಕು. ದಂಡ ಹೊಡೆಯೋ ಪೈಲ್ವಾನ್‌ಗೂ ಅಷ್ಟೇ ದಿನ, ನಮಗೂ ಅಷ್ಟೇ. ಅದಕ್ಕೆ ಹೋಗೋದು ಶ್ರೀನಗರದ ಕಡೆಯಿಂದ, ಬರೋದು ಮನಾಲಿ ಕಡೆಯಿಂದ ಮಾಡಿದ್ರ ಚಲೋ. ಶ್ರೀನಗರ 1,600 ಮೀಟರ್, ಜೋಜಿ ಲಾ ಸುಮಾರು 3,500, ರಾತ್ರಿ ವಸ್ತಿ ಮಾಡೋ ಕಾರ್ಗಿಲ್ ಮತ್ತೆ 2,700ಕ್ಕೆ ಇಳೀತೈತಿ, ಆಮೇಲೆ ಫೋಟು ಲಾ 4,100. ಏರಿಕೆ ನಿಧಾನ. ಮನಾಲಿ ಕಡೆಯಿಂದ ಹೋದ್ರ 2020ರ ಅಕ್ಟೋಬರ್ 3ರಂದು ಉದ್ಘಾಟನೆ ಆದ 9.02 ಕಿಲೋಮೀಟರಿನ ಅಟಲ್ ಸುರಂಗ ರೋಹ್ತಾಂಗ್ ಏರೋ ಕಷ್ಟ ತಪ್ಪಿಸುತ್ತೆ, ಖರೆ. ಅದರ ಜೊತಿಗೆ ಅವಸರದಾಗ ಭಾಳ ಬೇಗ ಎತ್ತರಕ್ಕೆ ಹೋಗೋ ಆಸೆಯನ್ನೂ ಹುಟ್ಟಿಸುತ್ತೆ.

ಲೇಹ್ ಮುಟ್ಟಿದ ಮ್ಯಾಲೆ ಕನಿಷ್ಠ ಎರಡು ದಿನ ಏನೂ ಮಾಡದೆ ಇರ್ರಿ. ತಲೆನೋವು, ವಾಂತಿ, ನಿದ್ದೆ ಬರದಿರೋದು ಮೊದಲ ಲಕ್ಷಣ. ಅವು ಇಳಿಯೋ ತನಕ ಮ್ಯಾಲೆ ಏರಬಾರದು. ಸುಮ್ಮನೆ ಕುಂತಾಗಲೂ ಏದುಸಿರು, ಮಾತು ತಪ್ಪೋದು, ನಡೆಯುವಾಗ ತೂರಾಡೋದು ಕಂಡ್ರ ರಾತ್ರಿ ಇದ್ರೂ ಕೆಳಗ ಇಳಿಸಿ ಆಸ್ಪತ್ರೆಗೆ ಒಯ್ಯಬೇಕು. ಬಿಪಿ, ಹೃದಯ, ಉಸಿರಾಟದ ತೊಂದರೆ ಇದ್ದೋರು ಹೊರಡೋ ಮೊದಲೇ ಡಾಕ್ಟರನ್ನ ಕೇಳ್ರಿ.

ಇನ್ನೆರಡು ಪ್ರಾಕ್ಟಿಕಲ್ ಮಾತು. ಬ್ಯಾರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್, ಜಮ್ಮು-ಕಾಶ್ಮೀರದಾಗ ನಡೆಯಲ್ಲ. ಗುಂಪಿನ್ಯಾಗ ಇಬ್ಬರದಾದ್ರೂ ಪೋಸ್ಟ್‌ಪೇಯ್ಡ್ ಇರಲಿ. ಮನಾಲಿ ದಾರ್ಯಾಗ ತಾಂಡಿಯ ಪೆಟ್ರೋಲ್ ಬಂಕಿನ ಬೋರ್ಡ್ ಪ್ರಸಿದ್ಧ: ಮುಂದಿನ ಬಂಕ್ 365 ಕಿಲೋಮೀಟರ್. ಬೈಕಿನೋರು ಅದನ್ನ ನೋಡಿ ನಗೋ ಮೊದಲು ಟ್ಯಾಂಕ್ ಲೆಕ್ಕ ಹಾಕ್ರಿ.

ನಮ್ಮ ಕಡೆಯಿಂದ ಲೇಹ್‌ಗೆ ಒಂದು ದಿಕ್ಕಿಗೇ ಎರಡೂವರೆ ಸಾವಿರ ಕಿಲೋಮೀಟರ್ ಮೀರುತ್ತೆ. ಊರಿನಿಂದಲೇ ಓಡಿಸ್ಕೊಂಡು ಹೋಗೋದಾದ್ರ ಮೂರು ವಾರ ರಜೆ ಬೇಕು. ಅಷ್ಟು ರಜೆ ಇಲ್ಲದಿದ್ರ ಚಂಡೀಗಢ ಇಲ್ಲಾ ಜಮ್ಮು ತನಕ ರೈಲು, ಅಲ್ಲಿಂದ ಮುಂದೆ ರಸ್ತೆ. ಮತ್ತ ಅದಕ್ಕಿಂತ ಮೊದಲು ಚೋರ್ಲಾ-ಅರಬೈಲ್ ಸುತ್ತು ಒಮ್ಮೆ ಮುಗಿಸ್ರಿ. ಗೇರಿನ್ಯಾಗ ಇಳಿಯೋದು, ದಣಿವು ಗುರುತಿಸೋದು, ರಸ್ತೆ ಬಂದ್ ಅಂದಾಗ ವಾಪಸ್ ತಿರುಗೋದು, ಗೆಳೆಯರ ಜೊತೆ ಮೂರು ದಿನ ಜಗಳ ಇಲ್ಲದೆ ದುಡ್ಡು ಹಂಚೋದು, ಇವೆಲ್ಲಾ ಇಲ್ಲೇ ಕಲೀಬಹುದು. ಇಲ್ಲಿ ಎಡವಟ್ಟಾದ್ರ ಮನಿ 200 ಕಿಲೋಮೀಟರ್ ದೂರ ಅಷ್ಟೇ.

ಹೊರಡೋ ಹಿಂದಿನ ರಾತ್ರಿಯ ಪಟ್ಟಿ, ಸ್ಕ್ರೀನ್‌ಶಾಟ್ ತಗೋರಿ: ಬ್ರೇಕ್ ಪ್ಯಾಡ್ ಮತ್ತು ಆಯಿಲ್ ನೋಡಿಸಿದ್ದೀರಾ? ಟಯರಿನ ಗೀಟು ಸವೆದಿಲ್ಲವಾ? ಸ್ಟೆಪ್ನಿಯಲ್ಲಿ ಗಾಳಿ ಐತಾ? ವೈಪರ್, ಲೈಟ್, ಹಾರ್ನ್? ಆಫ್‌ಲೈನ್ ಮ್ಯಾಪ್? ಹವಾಮಾನ ಎಚ್ಚರಿಕೆ? ಇನ್ಶೂರೆನ್ಸ್ ತಾರೀಖು? ಮನಿಗೆ ದಾರಿ ಬರೆದು ಕಳಿಸಿದ್ದೀರಾ? ತೆಗೆದಿಟ್ಟ 20 ಪರ್ಸೆಂಟ್ ಇನ್ನೂ ಹಂಗೇ ಐತಾ?

ಎಲ್ಲದಕ್ಕೂ ಹೌದು ಅಂದ್ರ ಬೆಳಿಗ್ಗೆ ಆರಕ್ಕೆ ನರಗುಂದ ಬಿಡ್ರಿ, ಗಜೇಂದ್ರಗಡದೋರು ನಾಲ್ಕೂವರೆಗೆ. ಕಣಕುಂಬಿಯಲ್ಲಿ ಹನ್ನೊಂದಕ್ಕೆ ಬುತ್ತಿ ಬಿಚ್ಚಬಹುದು. ತಿಂದ ಮ್ಯಾಲೆ ಪ್ಲಾಸ್ಟಿಕ್ ಅಲ್ಲಿ ಬಿಡಬ್ಯಾಡ್ರಿ. ಮಳೆಗಾಲದಾಗ ಅದು ಹರ್ಕೊಂಡು ನಮ್ಮ ಕಾಲುವೆಗೇ ಬರ್ತೈತಿ.

ನಿಮ್ಮೂರಿನಿಂದ ಘಟ್ಟಕ್ಕೆ ಹೋಗೋ ಇನ್ನೊಂದು ಚಲೋ ದಾರಿ ನಿಮಗ ಗೊತ್ತಿದ್ರ, ಇಲ್ಲಾ ನಿಮ್ಮ ಮನ್ಯಾಗ ಚಕ್ಕಡಿಯಲ್ಲಿ ಉಳವಿಗೆ ಹೋಗಿ ಬಂದ ಹಿರಿಯರು ಇದ್ರ, ಅವರ ಮಾತು ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.